ಗಾಜಿನ ಪೆಟ್ಟಿಗೆಯ ಕಾಡಿಗೆ ಯಾವ ಹಲ್ಲಿ?

ಹಲ್ಲಿ, ಕಪ್ಪೆಗಳಂಥ ಪ್ರಾಣಿಗಳನ್ನು ಅವುಗಳ ಸಹಜ ನೆಲೆಯನ್ನು ಹೋಲುವ ವಾತಾವರಣದಲ್ಲಿ ಸಾಕಲು ಕಟ್ಟುವ ಗಾಜಿನ ಪೆಟ್ಟಿಗೆಯೇ ವೈವೇರಿಯಂ. ಅದರೊಳಗೆ ಜೀವಂತ ಗಿಡಗಳೂ ಇದ್ದರೆ ನೀರು, ಗಾಳಿ, ಬೆಳಕು, ಕೊಳೆಯುವ ಕಸ ಎಲ್ಲವನ್ನೂ ಲೆಕ್ಕ ಹಾಕಬೇಕಾಗುತ್ತದೆ. ಈ ಲೆಕ್ಕ ಶುರುವಾಗಬೇಕಾದದ್ದು ಗಿಡದಿಂದಲ್ಲ, ಹಲ್ಲಿಯಿಂದ. ಹಲ್ಲಿ ಯಾವುದೆಂದು ಗೊತ್ತಾದರೆ ಪೆಟ್ಟಿಗೆಯ ಅಳತೆ, ಉಷ್ಣತೆ, ತೇವಾಂಶಗಳು ತಾವಾಗಿ ನಿರ್ಧಾರವಾಗುತ್ತವೆ.

ಹಸಿರು ತುಂಬಿದ ತೇವದ ಪೆಟ್ಟಿಗೆಗೆ ಮಳೆಕಾಡಿನ ಹಲ್ಲಿಗಳೇ ಸರಿ. ಸಾಕುವವರಿಗೆ ಅಚ್ಚುಮೆಚ್ಚಾದ ಲೆಪರ್ಡ್ ಗೆಕ್ಕೊ ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತಗಳ ಒಣ ಕಲ್ಲುನೆಲದ್ದು. ಸದಾ ಒದ್ದೆಯಾದ ಮಣ್ಣಿನಲ್ಲಿ ಅದು ರೋಗಕ್ಕೆ ಬೀಳುತ್ತದೆ.

ಹೊಸದಾಗಿ ಸಾಕುವವರಿಗೆ ಹೊಂದುವುದು ನ್ಯೂ ಕ್ಯಾಲಿಡೋನಿಯ ದ್ವೀಪದ ಕ್ರೆಸ್ಟೆಡ್ ಗೆಕ್ಕೊ. 1866ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಇದು ಅಳಿದೇಹೋಯಿತೆಂದು ಭಾವಿಸಲಾಗಿತ್ತು. 1994ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಬಾಲವೂ ಸೇರಿ ಸುಮಾರು 20 ಸೆಂ.ಮೀ. ಉದ್ದದ ಈ ನಿಶಾಚರಿ ಹಣ್ಣು, ಮಕರಂದ, ಕೀಟಗಳನ್ನು ತಿನ್ನುತ್ತದೆ. ಎಲೆಯ ಮೇಲಿನ ಹನಿಗಳನ್ನು ನೆಕ್ಕಿ ಕುಡಿಯುತ್ತದೆ. ಇದಕ್ಕೆ 22ರಿಂದ 26 ಡಿಗ್ರಿ ಸೆಲ್ಸಿಯಸ್ ಹಿತ. 28 ದಾಟಿದರೆ ಬಳಲುತ್ತದೆ. ಉದುರಿದ ಬಾಲ ಮತ್ತೆ ಬೆಳೆಯುವುದಿಲ್ಲ. ಗಂಡುಗಳು ಕಾದಾಡುವುದರಿಂದ ಎರಡನ್ನು ಒಟ್ಟಿಗೆ ಇಡಬಾರದು.

ಪೆಟ್ಟಿಗೆ ಚಿಕ್ಕದಾದರೆ ಸುಮಾರು 10 ಸೆಂ.ಮೀ.ನ ಮೋರ್ನಿಂಗ್ ಗೆಕ್ಕೊ ಸಾಕು. ಇದರಲ್ಲಿ ಬಹುತೇಕ ಎಲ್ಲವೂ ಹೆಣ್ಣೇ; ಗಂಡಿನ ನೆರವಿಲ್ಲದೆ ಮೊಟ್ಟೆಯಿಡುತ್ತವೆ. ಹೀಗಾಗಿ ಒಂದೇ ಹಲ್ಲಿ ತಂದರೂ ಸಂತತಿ ಬೆಳೆಯುತ್ತದೆಂಬುದನ್ನು ಮೊದಲೇ ಯೋಚಿಸಬೇಕು. ಅಮೆರಿಕದ ಆಗ್ನೇಯ ಭಾಗದ ಹಸಿರು ಅನೋಲ್ ಹಗಲು ಓಡಾಡುತ್ತದೆ. ಅದಕ್ಕೆ ಮೈ ಕಾಯಿಸಲು ಬೆಚ್ಚಗಿನ ಮೂಲೆ ಬೇಕು. ಬೇರೆ ಬೇರೆ ಜಾತಿಗಳನ್ನು ಬೆರೆಸಿದರೆ ರೋಗ, ಪರಾವಲಂಬಿಗಳು ಹರಡುತ್ತವೆ. ದೊಡ್ಡದು ಚಿಕ್ಕದನ್ನು ತಿನ್ನಲೂಬಹುದು.

ಈ ಮೂರೂ ಕೊಂಬೆ ಹತ್ತುವ ಹಲ್ಲಿಗಳಾದ್ದರಿಂದ ಪೆಟ್ಟಿಗೆಗೆ ಅಗಲಕ್ಕಿಂತ ಎತ್ತರ ಮುಖ್ಯ. ಒಂದು ಕ್ರೆಸ್ಟೆಡ್ ಗೆಕ್ಕೊಗೆ 45 ಸೆಂ.ಮೀ. ಉದ್ದಗಲ, 60 ಸೆಂ.ಮೀ. ಎತ್ತರದ ಪೆಟ್ಟಿಗೆ ಬೇಕು. ತಳದಲ್ಲಿ ಸುಟ್ಟ ಜೇಡಿಮಣ್ಣಿನ ಹಗುರ ಗುಂಡುಗಳ ಪದರ, ಅದರ ಮೇಲೆ ಜಾಲರಿ, ಆಮೇಲೆ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು. ಹೆಚ್ಚಾದ ನೀರು ಗುಂಡುಗಳ ನಡುವೆ ಇಳಿಯುವುದರಿಂದ ಬೇರು ಕೊಳೆಯುವುದಿಲ್ಲ. ಮಣ್ಣಿನ ಮೇಲೆ ಒಣ ಎಲೆಗಳನ್ನು ಹರಡಿ ಸ್ಪ್ರಿಂಗ್‌ಟೇಲ್, ಐಸೊಪಾಡ್‌ಗಳೆಂಬ ಪುಟ್ಟ ಜೀವಿಗಳನ್ನು ಬಿಡಬೇಕು. ಮೊದಲನೆಯವು ಬೂಸ್ಟನ್ನೂ ಎರಡನೆಯವು ಹಿಕ್ಕೆ ಮತ್ತು ಕೊಳೆತ ಎಲೆಗಳನ್ನೂ ತಿಂದು ಗಿಡಗಳಿಗೆ ಗೊಬ್ಬರ ಮಾಡಿಕೊಡುತ್ತವೆ.

ಮನಿಪ್ಲಾಂಟ್, ಜರೀಗಿಡ, ಬ್ರೊಮೀಲಿಯಡ್‌ಗಳು ಈ ತೇವದಲ್ಲಿ ಚೆನ್ನಾಗಿ ಬೆಳೆಯುತ್ತವೆ. ನರ್ಸರಿಯ ಗಿಡಗಳಲ್ಲಿ ಕೀಟನಾಶಕ ಇರಬಹುದಾದ್ದರಿಂದ ಎಲೆ, ಬೇರುಗಳನ್ನು ತೊಳೆದೇ ನೆಡಬೇಕು. ದಿನಕ್ಕೆ ಸುಮಾರು 12 ಗಂಟೆ ಎಲ್‌ಇಡಿ ಬೆಳಕು ಗಿಡಗಳಿಗೆ ಸಾಕು. ಹಲ್ಲಿಯ ಮೈಯಲ್ಲಿ ವಿಟಮಿನ್ ಡಿ3 ತಯಾರಾಗಿ ಮೂಳೆಗೆ ಕ್ಯಾಲ್ಸಿಯಂ ಸೇರಲು ಯುವಿ-ಬಿ ಕಿರಣ ನೆರವಾಗುತ್ತದೆ. ಗಾಜು ಈ ಕಿರಣವನ್ನು ತಡೆಯುವುದರಿಂದ ದೀಪವನ್ನು ಮೇಲಿನ ಜಾಲರಿ ಮುಚ್ಚಳದ ಮೇಲಿಡಬೇಕು. ಸಂಜೆ ನೀರು ಸಿಂಪಡಿಸಿ, ಹಗಲು ಒಂದಿಷ್ಟು ಒಣಗಲು ಬಿಡಬೇಕು. ಗಾಳಿಯಾಡದಿದ್ದರೆ ಬೂಸ್ಟು ಹಿಡಿಯುತ್ತದೆ. ಗಿಡಗಳು ಬೇರೂರಿ, ಪುಟ್ಟ ಜೀವಿಗಳು ಹೆಚ್ಚಲು ನಾಲ್ಕಾರು ವಾರ ಕಾದು, ಆಮೇಲೆ ಹಲ್ಲಿಯನ್ನು ಬಿಡಬೇಕು.

ಭಾರತದಲ್ಲಿ ಕಾನೂನಿನ ಅರಿವೂ ಯೋಜನೆಯ ಭಾಗವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಉಡವನ್ನು ಹಿಡಿದು ಸಾಕುವುದು ಅಪರಾಧ. 2022ರ ತಿದ್ದುಪಡಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿರುವ ವಿದೇಶಿ ಜೀವಿಗಳನ್ನೂ ಕಾಯಿದೆಯ ವ್ಯಾಪ್ತಿಗೆ ತಂದಿದೆ. ಮಡಗಾಸ್ಕರ್‌ನ ಡೇ ಗೆಕ್ಕೊಗಳು ಅವುಗಳಲ್ಲಿ ಸೇರಿದ್ದು, ಅಂಥವನ್ನು ಸಾಕುವವರು ನೋಂದಣಿ ಮಾಡಿಸಬೇಕು. ಹಲ್ಲಿ ಯಾವುದೇ ಇರಲಿ, ಕಾಡಿನಿಂದ ಹಿಡಿದು ತಂದದ್ದನ್ನು ಕೊಳ್ಳದೆ, ಸಾಕಣೆಯಲ್ಲೇ ಹುಟ್ಟಿದ್ದನ್ನು ದಾಖಲೆಸಹಿತ ಪಡೆಯುವುದೇ ಸರಿಯಾದ ದಾರಿ.