ಬೈಲಕುಪ್ಪೆಯ ಚೀಲ, ರಂಗಂಪೇಟೆಯ ಜೋಳಿಗಿ

ಫಸ್ಟ್ ಇಯರ್ ಮುಗಿದ ಮೇಲೆ ಗೆಳೆಯರ ಜೊತೆ ಕೊಡಗಿನ ಟ್ರಿಪ್ ಹೋದಾಗ ಬೈಲಕುಪ್ಪೆಯಲ್ಲಿ ಒಂದು ಹೆಗಲ ಚೀಲ ತಗೊಂಡೆ. ಬೌದ್ಧ ಭಿಕ್ಷುಗಳು ಹಾಕ್ಕೊಳ್ಳೋ ಥರದ್ದು. ಕಡುಗೆಂಪು ಹತ್ತಿ ಬಟ್ಟೆ, ಮುಂದೆ ಹಳದಿ ದಾರದಲ್ಲಿ ತುದಿಮೊದಲಿಲ್ಲದ ಗಂಟಿನ ಕಸೂತಿ. ಅದನ್ನ ಹಾಕ್ಕೊಂಡು ರಂಗಂಪೇಟೆಯ ಮನೆಗೆ ಹೋದರೆ ಅವ್ವ ಬಾಗಿಲಲ್ಲೇ ನಿಂತು ನೋಡಿದಳು. "ಸಾಲ ಮಾಡಿ ಇಂಜಿನಿಯರಿಂಗ್ ಓದ್ಸಾಕತ್ತೀವಿ, ನೀ ನೋಡಿದ್ರ ಜೋಳಿಗಿ ಹಾಕ್ಕೊಂಡು ಬಂದೀಯಲ್ಲೋ!"

ಮೊದಲು ನಗು ಬಂತು, ಆಮೇಲೆ ಚುಚ್ಚಿತು. ನಮ್ಮ ಕಡೆ ಜಂಗಮರ ಹೆಗಲಲ್ಲಿ ಜೋಳಿಗೆ ಇದ್ದರೆ ಕೈ ಮುಗೀತಾರೆ, ಸಾಲದ ಮನೆ ಹುಡುಗನ ಹೆಗಲಲ್ಲಿ ಇದ್ದರೆ ಅಪಶಕುನ. ಆದರೆ ಅವ್ವ ಹೇಳಿದ್ದು ಸರಿಯಾಗೇ ಇತ್ತು. ಈ ಚೀಲ ಹುಟ್ಟಿದ್ದೇ ಭಿಕ್ಷೆಯಿಂದ.

ಭಿಕ್ಷುಗಳ ನಿಯಮಗಳ ಪಾಲಿ ಗ್ರಂಥ ವಿನಯಪಿಟಕ. ಅದರ ಚುಲ್ಲವಗ್ಗ ಭಾಗ ಓದಿದರೆ ಬಗ್ ರಿಪೋರ್ಟ್ ಓದಿದ ಹಾಗೆ ಅನಿಸುತ್ತೆ. ಭಿಕ್ಷಾಪಾತ್ರೆ ಉಜ್ಜಿ ಗೀರು ಬೀಳುತ್ತಿತ್ತು, ಅದಕ್ಕೆ ಪಾತ್ರೆ ಇಡೋ ಚೀಲಕ್ಕೆ ಬುದ್ಧ ಅನುಮತಿ ಕೊಟ್ಟ. ಚೀಲಕ್ಕೆ ಪಟ್ಟಿ ಇಲ್ಲ ಅಂದಾಗ 'ಅಂಸಬದ್ಧಕ', ಅಂದರೆ ಹೆಗಲಿಗೆ ಹಾಕುವ ಪಟ್ಟಿಗೂ ಅನುಮತಿ. ನನಗೆ ಇಷ್ಟವಾದದ್ದು ಚಪ್ಪಲಿ ಕಥೆ. ಒಬ್ಬ ಭಿಕ್ಷು ಚಪ್ಪಲಿಯನ್ನ ಸೊಂಟಕ್ಕೆ ಕಟ್ಟಿಕೊಂಡು ಭಿಕ್ಷೆಗೆ ಹೋಗಿದ್ದ. ಭಕ್ತನೊಬ್ಬ ನಮಸ್ಕಾರಕ್ಕೆ ಬಗ್ಗಿದಾಗ ತಲೆ ಚಪ್ಪಲಿಗೆ ಬಡಿಯಿತು. ಭಿಕ್ಷುವಿಗೆ ನಾಚಿಕೆ. ವಿಷಯ ಬುದ್ಧನ ತನಕ ಹೋಗಿ ಚಪ್ಪಲಿಗೂ ಒಂದು ಚೀಲ ಬಂತು! (ಇದನ್ನ ಓದೋಕೆ ಮುಂಚೆ ನಾನು ಆ ಚೀಲದಲ್ಲಿ ಸ್ಪೋರ್ಟ್ಸ್ ಶೂ ಒಯ್ಯುತ್ತಿದ್ದೆ.) ವಿಚಿತ್ರ ಅಂದ್ರೆ ಭಿಕ್ಷುವಿನ ಎಂಟು ಅಗತ್ಯ ವಸ್ತುಗಳ ಪಟ್ಟಿಯಲ್ಲಿ ಚೀಲ ಇಲ್ಲ, ಸೂಜಿ ಇದೆ.

ಥಾಯ್ಲೆಂಡಿನಲ್ಲಿ ಇದಕ್ಕೆ 'ಯಾಮ್' ಅಂತಾರೆ. ಅಲ್ಲಿ ವಿಶೇಷ ಸಮಾರಂಭ ಆದಾಗ ವಿಹಾರದ ಹೆಸರು, ದಿನಾಂಕವನ್ನೇ ಕಸೂತಿ ಮಾಡಿಸಿ ಭಿಕ್ಷುಗಳಿಗೆ ಕೊಡ್ತಾರೆ. ಬೈಲಕುಪ್ಪೆಗೆ ಟಿಬೆಟಿಯನ್ನರು ಬಂದದ್ದು 1960ರ ಹೊತ್ತಿಗೆ, ಆಗಿನ ಮೈಸೂರು ಸರ್ಕಾರ ಕೊಟ್ಟ ಜಾಗಕ್ಕೆ. ನನ್ನ ಚೀಲದ ಮೇಲಿರೋ ಗಂಟು ಅವರ ಎಂಟು ಮಂಗಳ ಚಿಹ್ನೆಗಳಲ್ಲಿ ಒಂದು, ಸಂಸ್ಕೃತದಲ್ಲಿ ಶ್ರೀವತ್ಸ. ಮೆಷಿನ್ ಕಸೂತಿಯೇ, ಸುಳ್ಳು ಯಾಕೆ ಹೇಳಲಿ.

ಹಾಗಂತ ಭಿಕ್ಷುಗಳು ನಮ್ಮ ಕಡೆಗೆ ಹೊಸಬರಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪವೇ ಇದೆ.

ಅವ್ವ ಬೈಯ್ತಿದ್ದಾಗ ಆಯಿ ಚೀಲ ಇಸ್ಕೊಂಡು ಒಳಗಿನದು ಹೊರಗೆ ಮಾಡಿ ನೋಡಿದಳು. "ಹೊಲಿಗಿ ಛಲೋ ಐತಿ. ಪಟ್ಟಿ ಎಲ್ಲೂ ಕಡಿದಿಲ್ಲ ನೋಡು" ಅಂದಳು. ಆಗಲೇ ನಾನು ಗಮನಿಸಿದ್ದು. ಹೆಗಲ ಪಟ್ಟಿಯೇ ಕೆಳಗಿಳಿದು ಚೀಲದ ಎರಡೂ ಪಕ್ಕ ಆಗಿ, ತಳದಲ್ಲಿ ಸೇರಿಕೊಂಡಿದೆ. ಭಾರ ತೊಟ್ಟಿಲಲ್ಲಿ ಕೂತ ಹಾಗೆ ಕೂರುತ್ತೆ.

ಲೆಕ್ಕ ಹಾಕಿ. ಐದು ಕೆಜಿ ಪುಸ್ತಕ ಅಂದ್ರೆ ಒಂದೊಂದು ಬದಿಗೆ ಸುಮಾರು 25 ನ್ಯೂಟನ್. ಮಾಮೂಲಿ ಬ್ಯಾಗಿನಲ್ಲಿ ಅದನ್ನೆಲ್ಲ 3 ಸೆಂಟಿಮೀಟರ್ ಹೊಲಿಗೆ ಹೊರಬೇಕು, ಅಂದರೆ ಸೆಂಟಿಮೀಟರಿಗೆ 8 ನ್ಯೂಟನ್. ಇಲ್ಲಿ ಪಕ್ಕದ ಪಟ್ಟಿಯ ಎರಡೂ ಅಂಚು ಸೇರಿ 60 ಸೆಂಟಿಮೀಟರ್ ಹೊಲಿಗೆ. ಲೋಡ್ ಸಮವಾಗಿ ಹಂಚುತ್ತೆ ಅಂತ ಹಿಡಿದರೆ ಸೆಂಟಿಮೀಟರಿಗೆ ಅರ್ಧ ನ್ಯೂಟನ್ನೂ ಇಲ್ಲ. ನಿಜದಲ್ಲಿ ಸಮ ಹಂಚಲ್ಲ, ಆದರೂ ವ್ಯತ್ಯಾಸ ದೊಡ್ಡದು. ನನ್ನ ಲ್ಯಾಪ್‌ಟಾಪ್ ಬ್ಯಾಗ್ ಸೆಕೆಂಡ್ ಸೆಮ್‌ನಲ್ಲೇ ಪಟ್ಟಿ ಹತ್ರ ಕಿತ್ತು ಹೋಗಿದ್ದು ಯಾಕೆ ಅಂತ ಅವತ್ತು ಗೊತ್ತಾಯ್ತು.

ಹಾಸ್ಟೆಲ್ಲಿಗೆ ಹೊರಟಾಗ ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಅದೇ ಚೀಲದಲ್ಲಿ ಇಟ್ಟಳು. ಬಸ್ ಹೊರಡೋವಾಗ ಕಿಟಕಿ ಹತ್ರ ಬಂದು, "ಜೋಳಿಗಿ ಹುಷಾರು" ಅಂದಳು.