ಅಂಚೆ ಕಚೇರಿಯ ಬಾಗಿಲು ಮುಚ್ಚುವ ಮುನ್ನ

ಅಮೆರಿಕದ ಪೂರ್ವ ಭಾಗದಲ್ಲಿ, ಜಾರ್ಜಿಯ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ ಒಂದು ಕಾಲುದಾರಿ ಇದೆ. ಅದರ ಹೆಸರು ಅಪಲಾಚಿಯನ್ ಟ್ರೇಲ್. 14 ರಾಜ್ಯಗಳನ್ನು ಹಾಯುವ ಈ ದಾರಿಯ ಉದ್ದ ಸುಮಾರು 3,500 ಕಿಲೋಮೀಟರ್. ಮರ, ಬಂಡೆಗಳ ಮೇಲೆ ಬಳಿದ ಬಿಳಿ ಪಟ್ಟಿಗಳೇ ಇಲ್ಲಿನ ದಾರಿಗುರುತು. ಪ್ರತಿವರ್ಷ ಸಾವಿರಾರು ಜನ ಇದನ್ನು ಒಂದೇ ಯಾತ್ರೆಯಲ್ಲಿ ನಡೆದು ಮುಗಿಸುವ ಹಂಬಲದಿಂದ ಹೊರಡುತ್ತಾರೆ. ಐದರಿಂದ ಏಳು ತಿಂಗಳು ಹಿಡಿಯುವ ಈ ನಡಿಗೆಯಲ್ಲಿ ತುದಿ ಮುಟ್ಟುವವರು ಸರಿಸುಮಾರು ನಾಲ್ವರಲ್ಲಿ ಒಬ್ಬರು ಮಾತ್ರ.

ಕಾಡನ್ನು ಅರಸಿ ಹೊರಟ ಈ ನಡಿಗೆಯವರ ಲೆಕ್ಕಾಚಾರವೆಲ್ಲ ಮುಂದಿನ ಊರಿನ ಸುತ್ತಲೇ ತಿರುಗುತ್ತದೆ ಎಂಬುದು ಸೋಜಿಗ. ಅದಕ್ಕೆ ಕಾರಣ ಬುತ್ತಿ. ಬೆನ್ನ ಮೇಲೆ ಹೊರೆ ಹೊತ್ತು ದಿನವಿಡೀ ಬೆಟ್ಟ ಹತ್ತಿಳಿಯುವ ದೇಹ 4,000 ಕ್ಯಾಲೊರಿಗೂ ಹೆಚ್ಚು ಶಕ್ತಿಯನ್ನು ಬೇಡುತ್ತದೆ. ಒಣ ಆಹಾರವೇ ಆದರೂ ದಿನಕ್ಕೆ ಮುಕ್ಕಾಲು ಕಿಲೋದಿಂದ ಒಂದು ಕಿಲೋ ತೂಗುತ್ತದೆ. ಐದು ದಿನಕ್ಕಿಂತ ಹೆಚ್ಚಿನ ಬುತ್ತಿ ಕಟ್ಟಿದರೆ ಹೊರೆಯೇ ಹಸಿವನ್ನು ಹೆಚ್ಚಿಸುತ್ತದೆ. ಆದ್ದರಿಂದ ಮೂರು, ನಾಲ್ಕು ಅಥವಾ ಐದು ದಿನಕ್ಕೊಮ್ಮೆ ಊರಿಗೆ ಇಳಿಯುವುದು ಅನಿವಾರ್ಯ.

ಕೆಲವರು ಊರಿನ ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತಾರೆ. ಇನ್ನು ಕೆಲವರು ಮನೆಯವರಿಂದ ತಮ್ಮ ಹೆಸರಿಗೆ ಮುಂದಿನ ಊರಿನ ಅಂಚೆ ಕಚೇರಿಗೆ ಪೆಟ್ಟಿಗೆ ಕಳುಹಿಸಿಕೊಳ್ಳುತ್ತಾರೆ. ವಾರಸುದಾರ ಬಂದು ಕೇಳುವವರೆಗೆ ಅದನ್ನು ಕಾದಿರಿಸುವ ಪದ್ಧತಿ ಅಮೆರಿಕದ ಅಂಚೆಯಲ್ಲಿದೆ. ತೊಡಕು ಒಂದೇ: ಸಣ್ಣ ಊರಿನ ಅಂಚೆ ಕಚೇರಿ ಶನಿವಾರ ತೆರೆದಿರುವುದು ಕೆಲವೇ ಗಂಟೆ, ಭಾನುವಾರ ರಜೆ. ಶನಿವಾರ ತಡವಾದರೆ ಸೋಮವಾರದವರೆಗೆ ವಸತಿ, ಊಟದ ಖರ್ಚು ಮೈಮೇಲೆ ಬೀಳುತ್ತದೆ. ಕೈಯಲ್ಲಿರುವ ಹಣಕ್ಕೂ ಮಿತಿ, ದಿನಗಳಿಗೂ ಮಿತಿ. ದಕ್ಷಿಣದಿಂದ ಹೊರಟವರು ಚಳಿಗಾಲಕ್ಕೆ ಮುನ್ನ, ಅಕ್ಟೋಬರ್ ಮಧ್ಯಭಾಗದೊಳಗೆ, ಕಟಾಡಿನ್ ಏರಿರಬೇಕು. ವಾರದ ಅತಿ ಉದ್ದದ ನಡಿಗೆ ಊರಿನ ಹಿಂದಿನ ದಿನವೇ ಬೀಳುವ ಗುಟ್ಟು ಇಲ್ಲಿದೆ.

ಅಂಥ ಒಂದು ದಿನ ಹೇಗಿರುತ್ತದೆ? ಉತ್ತರ ಕ್ಯಾರೊಲಿನದ ಮ್ಯಾಕ್ಸ್ ಪ್ಯಾಚ್ ಎಂಬ ಬೋಳು ಗುಡ್ಡದಿಂದ ಹಾಟ್ ಸ್ಪ್ರಿಂಗ್ಸ್ ಊರಿಗೆ ಸುಮಾರು 32 ಕಿಲೋಮೀಟರ್. ಗುಡ್ಡದ ಎತ್ತರ 1,400 ಮೀಟರ್‌ಗೂ ಹೆಚ್ಚು, ಊರು ಇರುವುದು ಸುಮಾರು 400 ಮೀಟರ್ ಎತ್ತರದಲ್ಲಿ. ಲೆಕ್ಕಕ್ಕೆ ಇಳಿಜಾರು. ಆದರೆ ಒಮ್ಮೆ ಇಳಿದ ದಾರಿ ನಡುವೆ ಬ್ಲಫ್ ಬೆಟ್ಟದ ನೆತ್ತಿಗೆ ಮತ್ತೆ ಏರಿಸುತ್ತದೆ.

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಬೆಟ್ಟದ ನಡಿಗೆಗೆ ಒಂದು ಸೂತ್ರ ಕೊಟ್ಟ. ಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಅದಲ್ಲದೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದರಂತೆ 32 ಕಿಲೋಮೀಟರ್ ದೂರದಲ್ಲಿ 900 ಮೀಟರ್ ಏರು ಇದ್ದರೆ ಸುಮಾರು ಎಂಟು ಗಂಟೆ ಬೇಕು. ಹೊರೆ, ಮಳೆ, ಊಟ, ವಿಶ್ರಾಂತಿ ಇದರಲ್ಲಿ ಸೇರಿಲ್ಲ. ಸೂತ್ರ ಹೇಳದ ಇನ್ನೊಂದು ಸಂಗತಿ ಇಳಿಜಾರಿನದು. ಇಳಿಯುವಾಗ ತೊಡೆಯ ಸ್ನಾಯುಗಳು ದೇಹದ ಭಾರವನ್ನು ತಡೆಯುತ್ತಲೇ ಹಿಗ್ಗಬೇಕು. ಹತ್ತುವಾಗ ಏದುಸಿರು ಬಂದರೂ, ಮರುದಿನ ಕಾಲು ಎತ್ತಲಾಗದಂತೆ ಮಾಡುವುದು ಇಳಿತವೇ. ಸಂಜೆ ಊರಿನ ದೀಪ ಕಂಡ ಮೇಲೂ ಕೊನೆಯ ಎರಡು ಮೈಲಿ ಮುಗಿಯದೆ ಕಾಡುವುದು ಹೀಗೆ.

ಈ ದಾರಿಯ ಕಲ್ಪನೆಯನ್ನು 1921ರಲ್ಲಿ ಮುಂದಿಟ್ಟ ಬೆಂಟನ್ ಮಕಾಯ್ ಬಯಸಿದ್ದೇ ಬೇರೆ. ನಗರದಲ್ಲಿ ದುಡಿದು ದಣಿದವರು ಕೆಲವು ದಿನ ಬೆಟ್ಟಕ್ಕೆ ಬಂದು ಚೇತರಿಸಿಕೊಳ್ಳಲಿ ಎಂಬುದು ಆತನ ಆಸೆ. 1937ರಲ್ಲಿ ದಾರಿ ಪೂರ್ಣಗೊಂಡಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕ ಅರ್ಲ್ ಶೇಫರ್ 1948ರಲ್ಲಿ ಅದನ್ನು ಒಂದೇ ಯಾತ್ರೆಯಲ್ಲಿ ನಡೆದು ಮುಗಿಸಿದಾಗ ಹಲವರು ನಂಬಲಿಲ್ಲ. 1955ರಲ್ಲಿ 11 ಮಕ್ಕಳ ತಾಯಿ, 67 ವರ್ಷದ ಎಮ್ಮಾ ಗೇಟ್‌ವುಡ್ ತಾನೇ ಹೊಲಿದ ಚೀಲ ಹೆಗಲಿಗೇರಿಸಿ, ಕ್ಯಾನ್ವಾಸ್ ಬೂಟು ತೊಟ್ಟು ಒಬ್ಬಳೇ ನಡೆದು ಗುರಿ ಸೇರಿದಳು. ದಾರಿಯಲ್ಲಿ ಅಪರಿಚಿತರ ಮನೆಗಳಲ್ಲಿ ಊಟ, ಆಸರೆ ಪಡೆದಳು. ಹಾದಿಬದಿಯಲ್ಲಿ ಹಣ್ಣು, ಪಾನಕ ಇಟ್ಟು ನಡೆಯುವವರಿಗೆ ಕಾಯುವ ಜನ ಅಲ್ಲಿ ಇಂದಿಗೂ ಇದ್ದಾರೆ. ಅದು ಅವರ ಅರವಟ್ಟಿಗೆ.

ಊರಿಗೂ ದಾರಿ ಬೇಕು. ಹಾಟ್ ಸ್ಪ್ರಿಂಗ್ಸ್ ಮತ್ತು ವರ್ಜೀನಿಯದ ಡಮಾಸ್ಕಸ್ ಊರುಗಳಲ್ಲಿ ಕಾಲುದಾರಿ ಮುಖ್ಯ ಬೀದಿಯಲ್ಲೇ ಹಾದುಹೋಗುತ್ತದೆ. ಖಾನಾವಳಿ, ವಸತಿಗೃಹ, ಬಟ್ಟೆ ಒಗೆಯುವ ಅಂಗಡಿಗಳಿಗೆ ಈ ಹಸಿದ, ಬೆವರಿದ ಗಿರಾಕಿಗಳು ದೊಡ್ಡ ಆಧಾರ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಎರಡೂ ಊರುಗಳಿಗೆ ನೆರೆ ತಂದಿತು, ನೂರಾರು ಕಿಲೋಮೀಟರ್ ದಾರಿಗೆ ಮರಗಳನ್ನು ಉರುಳಿಸಿತು. ಸ್ವಯಂಸೇವಕರು ಗರಗಸ ಹಿಡಿದು ಮರ ಕಡಿಯತೊಡಗಿದರು, ಅಂಗಡಿಯವರು ಕೆಸರು ಬಳಿಯತೊಡಗಿದರು. ದಾರಿ ತೆರೆಯದೆ ಊರಿಗೆ ಗಿರಾಕಿಯಿಲ್ಲ, ಊರು ಏಳದೆ ದಾರಿಗೆ ಬುತ್ತಿಯಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.