ಇಂದಿನ ತರುಣರು ವಿದ್ಯಾಹೀನರೆ?

ಮದುವೆಯ ಮನೆಯಲ್ಲಿ ನಾಲ್ವರು ಹಿರಿಯರು ಒಂದೆಡೆ ಕುಳಿತರೆಂದರೆ, ಮಳೆ-ಬೆಳೆ, ಬೆಲೆಯೇರಿಕೆಗಳ ಮಾತು ಮುಗಿದೊಡನೆ ಹೊರಡುವ ಮಾತೊಂದಿದೆ: "ಈಗಿನ ಹುಡುಗರಿಗೆ ಏನು ಬರುತ್ತದೆ? ನಮ್ಮ ಕಾಲದ ಎಸ್.ಎಸ್.ಎಲ್.ಸಿ.ಯೂ ಒಂದೆ, ಈಗಿನ ಎಂ.ಎ.ಯೂ ಒಂದೆ." ಕೇಳಿದವರೆಲ್ಲ ತಲೆದೂಗುತ್ತಾರೆ. ಈ ಹಿರಿಯರು ತರುಣರಾಗಿದ್ದಾಗ ಅವರ ತಂದೆಯರು ಅವರನ್ನು ಕುರಿತು ಆಡಿದ ಮಾತೂ ಇದೇ ಎಂಬುದು ಯಾರಿಗೂ ನೆನಪಾಗುವುದಿಲ್ಲ. ಹಾಗೆಂದು ಮಾತನ್ನು ನಕ್ಕು ತಳ್ಳಿಬಿಡುವುದೂ ಉಚಿತವಲ್ಲ. ಇದರಲ್ಲಿ ಸುಳ್ಳೆಷ್ಟು, ಸತ್ಯವೆಷ್ಟು?

ನಮ್ಮ ದೇಶದಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳು ಹುಟ್ಟಿದ್ದು 1857ರಲ್ಲಿ. ಮರುವರ್ಷ ಕಲಕತ್ತೆಯಲ್ಲಿ ಮೊದಲ ಬಿ.ಎ. ಪರೀಕ್ಷೆ ನಡೆಯಿತು. ಕುಳಿತವರು ಬೆರಳೆಣಿಕೆಯ ಮಂದಿ. ಪದವಿ ಪಡೆದವರು ಇಬ್ಬರೇ. ಅವರಾದರೂ ಆರು ವಿಷಯಗಳಲ್ಲಿ ಐದರಲ್ಲಿ ಮಾತ್ರ ಗೆದ್ದಿದ್ದರು. ಆರನೆಯದರಲ್ಲಿ ಬಿದ್ದ ಕೊರತೆ ಏಳು ಅಂಕಗಳಿಗೆ ಮೀರಿರಲಿಲ್ಲವಾಗಿ, ಕೃಪೆದೋರಿ ತೇರ್ಗಡೆ ಮಾಡಲಾಯಿತು. ಆ ಇಬ್ಬರಲ್ಲಿ ಒಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು! 'ವಂದೇ ಮಾತರಂ' ಬರೆದ, ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಕನ್ನಡಿಗರಿಗೂ ಪ್ರಿಯರಾದ ಬಂಕಿಮರು ಕೃಪಾಂಕದ ಪದವೀಧರರು. ಹಳೆಯ ಕಾಲದ ವಿದ್ಯೆಯೆಲ್ಲ ಅಪರಂಜಿ, ಇಂದಿನದೆಲ್ಲ ಕಾಗೆಬಂಗಾರ ಎನ್ನುವವರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. 1951ರ ಜನಗಣತಿಯಂತೆ ಭಾರತದಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 18 ಮಂದಿ. 2011ರಲ್ಲಿ ಸುಮಾರು 73. ಅಂದು ಪ್ರೌಢಶಾಲೆಯ ಬಾಗಿಲು ದಾಟಿದವರು ಆಯ್ದ ಕೆಲವರು. ಮನೆಯಲ್ಲಿ ಪುಸ್ತಕವಿದ್ದವರು, ತಂದೆಗೆ ಓದು ಬರುತ್ತಿದ್ದವರು, ಹೊಲಕ್ಕೋ ಕೂಲಿಗೋ ಹೋಗದೆ ಉಣ್ಣಬಲ್ಲವರು. ಉಳಿದವರು ಪರೀಕ್ಷೆಯಲ್ಲಿ ನಪಾಸಾಗಲಿಲ್ಲ, ನಿಜ. ಪರೀಕ್ಷೆಯ ಹತ್ತಿರಕ್ಕೇ ಬರಲಿಲ್ಲ. ಆ ಕೆಲವರನ್ನು ಇಂದಿನ ಎಲ್ಲರೊಡನೆ ತೂಗುವ ತಕ್ಕಡಿ ನ್ಯಾಯದ ತಕ್ಕಡಿಯಲ್ಲ. ನನ್ನ ತರಗತಿಯ ಬೆಂಚುಗಳಲ್ಲಿ ಇಂದು ತಮ್ಮ ವಂಶದಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರು ಕುಳಿತಿದ್ದಾರೆ. ಅವರು ಅಲ್ಲಿ ಕುಳಿತಿರುವುದೇ ವಿದ್ಯೆಯ ಒಂದು ವಿಜಯ.

ಆದರೆ ವಾಚಕರೇ, ಇಷ್ಟರಿಂದ ಸಮಾಧಾನ ತಾಳಿ ಸುಮ್ಮನಾಗುವಂತಿಲ್ಲ. 'ಪ್ರಥಮ್' ಸಂಸ್ಥೆಯವರು 2023ರಲ್ಲಿ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನ ಹುಡುಗ ಹುಡುಗಿಯರನ್ನು ಪರೀಕ್ಷಿಸಿದರು. ನೂರಕ್ಕೆ 86ಕ್ಕೂ ಹೆಚ್ಚು ಮಂದಿಯ ಹೆಸರು ಶಾಲೆ ಕಾಲೇಜುಗಳ ಹಾಜರಿ ಪುಸ್ತಕದಲ್ಲಿತ್ತು. ಆದರೂ ಕಾಲು ಭಾಗದಷ್ಟು ಮಂದಿಗೆ ತಮ್ಮ ನಾಡಿನ ಭಾಷೆಯಲ್ಲಿ ಎರಡನೆಯ ತರಗತಿಯ ಪಾಠವನ್ನು ತಡವರಿಸದೆ ಓದಲಾಗಲಿಲ್ಲ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಅರ್ಧಕ್ಕಿಂತ ಹೆಚ್ಚು ಮಂದಿಗೆ ಬರಲಿಲ್ಲ. ಅದೇ ಮಕ್ಕಳಲ್ಲಿ ಸುಮಾರು ನೂರಕ್ಕೆ 90 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಅದನ್ನು ಬಳಸುವ ಜಾಣ್ಮೆಯೂ ಇತ್ತು. ಹಾಗಿದ್ದಲ್ಲಿ ಬುದ್ಧಿಗೆ ಬಡತನವಿಲ್ಲ, ಕೊರತೆಯಾಗಿರುವುದು ಕಲಿಸುವಿಕೆಯಲ್ಲಿ.

ಕೊರತೆ ಬರುವ ಬಗೆಯನ್ನು ಅಧ್ಯಾಪಕರೆಲ್ಲರೂ ಬಲ್ಲರು. ಎರಡನೆಯ ತರಗತಿಯಲ್ಲಿ ಓದು ಕೂಡದ ಮಗು ಮೂರನೆಯದಕ್ಕೆ ಏರುತ್ತದೆ. ಅಲ್ಲಿಯ ಉಪಾಧ್ಯಾಯರು ಮೂರನೆಯ ತರಗತಿಯ ಪಾಠಗಳನ್ನು ಮುಗಿಸಬೇಕು; ಹಿಂದೆ ಉಳಿದವನ ಕೈಹಿಡಿಯಲು ವೇಳೆಯೆಲ್ಲಿ? ವರ್ಷ ವರ್ಷಕ್ಕೂ ಅಂತರ ಹಿಗ್ಗುತ್ತದೆ. ಅರ್ಥವಾಗದ್ದನ್ನು ದಾಟಲು ಉಳಿಯುವ ದೋಣಿ ಬಾಯಿಪಾಠ. ಅದೂ ಸೋರಿದರೆ ನಕಲು. 2023ರಲ್ಲಿ ಕರ್ನಾಟಕದ ಎಸ್.ಎಸ್.ಎಲ್.ಸಿ. ಫಲಿತಾಂಶ ನೂರಕ್ಕೆ 83.89. ಮರುವರ್ಷ ಪರೀಕ್ಷೆಯ ಕೊಠಡಿಗಳ ಮೇಲೆ ಕ್ಯಾಮೆರಾದ ಕಣ್ಣಿಟ್ಟರು. ಕೃಪಾಂಕವನ್ನು ಹೆಚ್ಚಿಸಿಯೂ ಫಲಿತಾಂಶ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೆ? ಇಲ್ಲ; ಹೊದಿಸಿದ್ದ ಹಚ್ಚಡ ಸ್ವಲ್ಪ ಸರಿಯಿತು, ಅಷ್ಟೆ.

ಇದು ಹಳ್ಳಿಗಳ ಕಥೆ, ಹಣ ತೆತ್ತು ಇಂಗ್ಲಿಷ್ ಶಾಲೆಗೆ ಕಳುಹಿಸುವ ನಮಗೇನು ಎಂದು ನಗರದ ತಂದೆತಾಯಿಗಳು ಭಾವಿಸಕೂಡದು. ತೊಂಬತ್ತೈದು ಅಂಕ ತಂದ ವಿದ್ಯಾರ್ಥಿಗೆ ಒಂದು ಪುಟ ಗದ್ಯ ಕೊಟ್ಟು, "ಇದರ ಸಾರವನ್ನು ನಿನ್ನ ಮಾತಿನಲ್ಲಿ ಹೇಳಪ್ಪ" ಎಂದರೆ ಅವನು ನೋಟ್ಸಿಗಾಗಿ ಅತ್ತಿತ್ತ ನೋಡುವುದನ್ನು ನಾನು ಪ್ರತಿವರ್ಷವೂ ಕಾಣುತ್ತೇನೆ. ಅವನು ಸೋಮಾರಿಯಲ್ಲ. ಅವನು ಕಲಿತದ್ದು ಉತ್ತರಗಳನ್ನು, ಓದಿ ತಿಳಿಯುವುದನ್ನಲ್ಲ. ಉತ್ತರ ಪರೀಕ್ಷೆ ಮುಗಿದ ಸಂಜೆಯೇ ಮರೆತುಹೋಗುತ್ತದೆ. ಓದುವ ಶಕ್ತಿಯಾದರೋ ಕಡೆಯತನಕ ಕೈಬಿಡದು. ಕರಾರುಪತ್ರಕ್ಕೆ ರುಜು ಹಾಕುವಾಗ, ಔಷಧಿಯ ಚೀಟಿ ನೋಡುವಾಗ, ಮತ ಹಾಕುವ ಮುನ್ನ ವಾರ್ತೆಯ ನಿಜವನ್ನು ತೂಗುವಾಗ ಅದೊಂದೇ ಆಸರೆ.

ಆದ್ದರಿಂದ ತರುಣರು ವಿದ್ಯಾಹೀನರೆಂದು ಜರೆಯುವ ಬದಲು, ಅವರಿಗೆ ಸಲ್ಲಬೇಕಾದ ಋಣ ಇನ್ನೂ ಪೂರ್ತಿ ಸಂದಿಲ್ಲವೆನ್ನುವುದು ಸತ್ಯಕ್ಕೆ ಹತ್ತಿರ. ಶಾಲೆಯ ಪಾಲಿನ ಬಾಕಿಯನ್ನು ಸರ್ಕಾರವೂ ಅಧ್ಯಾಪಕರೂ ತೀರಿಸಲಿ. ಕೆಳಗಿನ ತರಗತಿಗಳಲ್ಲಿ ಪಾಠ ಮುಗಿಸುವುದಕ್ಕಿಂತ ಓದು ಕೂಡಿಸುವುದು ಮೊದಲಾಗಲಿ. ಮನೆಯ ಪಾಲಿನದನ್ನು ನಾವೇ ತೀರಿಸಬೇಕು. ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಮಗು ಗಟ್ಟಿಯಾಗಿ ಏನನ್ನಾದರೂ ಓದಲಿ, ಕಥೆಯಾದೀತು, ದಿನಪತ್ರಿಕೆಯಾದೀತು. ಮನೆಯವರು ಕುಳಿತು ಕೇಳಲಿ. "ಎಷ್ಟು ಅಂಕ ಬಂತು?" ಎಂದು ಕೇಳುವ ಬಾಯಿ "ಏನು ತಿಳಿಯಿತು, ಹೇಳು ನೋಡೋಣ" ಎಂದು ಕೇಳುವುದನ್ನು ಅಭ್ಯಾಸ ಮಾಡಲಿ. ಖರ್ಚಿಲ್ಲದ ಕೆಲಸ, ಇಂದೇ ಆರಂಭಿಸಬಹುದು.